ಗೋಣಿತಟ್ಟಿನ ಮೇಲೆ ಮೋತಿ

ಎಂಟು ದಿನಗಳಲ್ಲಿ ನಾಯಿಯನ್ನು ತಿದ್ದಬೇಕು, ಇಲ್ಲವೇ ಮನೆ ಬಿಡಬೇಕು. ನಮ್ಮ ಮನೆಯ ಮಾಲೀಕರಾದ ಅಣ್ಣಾಸಾಹೇಬರು ಹೀಗೆಂದು ಹೇಳಿಹೋದ ದಿನದಿಂದ ನಾನು ಎಲ್ಲರನ್ನೂ ಅನುಮಾನಿಸತೊಡಗಿದೆ.

ನಾಯಿಯ ಹೆಸರು ಮೋತಿ. ವಯಸ್ಸು ಆರೇಳು. ಇದೇ ನಿಪ್ಪಾಣಿಯಲ್ಲಿ ಅಣ್ಣಾಸಾಹೇಬರ ತಂಬಾಕಿನ ವಖಾರಿಯನ್ನು (ಗೋದಾಮನ್ನು) ಮರಿಯಾಗಿದ್ದಾಗಿನಿಂದ ಕಾಯ್ದದ್ದು. ಅಲ್ಲಿಗೆ ಹೊಸ ನಾಯಿ ಬಂದಾಗ ಇದರ ಹಗ್ಗವನ್ನು ನನ್ನ ಕೈಗೆ ಕೊಟ್ಟವರು ಅವರೇ.

"ಒಯ್ರಿ ಮಾಸ್ತರ. ಪ್ರಾಣಿದಯಾ ಅಂತ ಪೇಪರದಾಗ ಬರೀತೀರಲ್ಲ, ಈಗ ಮಾಡಿ ತೋರಸ್ರಿ."

ಕೊಟ್ಟವರೂ ಅವರೇ, ಅದರ ನೆಪದಲ್ಲಿ ಹೊರಗೆ ಹಾಕುವವರೂ ಅವರೇ! ಇದು ಸಂಚಲ್ಲದೆ ಮತ್ತೇನು? ವಖಾರಿಗಳ ಕೂಲಿಯ ಬಗ್ಗೆ ಈ ಅಂಕಣದಲ್ಲಿ ನಾನು ಮೂರು ವಾರ ಬರೆದದ್ದು ಓದುಗರಿಗೆ ನೆನಪಿರಬಹುದು. (ತಾವು ಪತ್ರಿಕೆಯನ್ನೇ ಓದುವುದಿಲ್ಲವೆಂದು ಅವರು ಹೇಳುತ್ತಾರೆ. ಓದದವರಿಗೆ ಪ್ರಾಣಿದಯೆಯ ಲೇಖನ ಹೇಗೆ ಗೊತ್ತಾಯಿತು?)

ಮೋತಿಯ ತಪ್ಪು ಒಂದೇ. ಅದಕ್ಕೆ ಬಯಲು ಬೇಡ. ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ತಿರುಗಾಡಿಸಿದೆ. ಭಾನುವಾರ ಊರೆಲ್ಲ ಟಿ.ವಿ. ಮುಂದೆ ಕುಳಿತು ಬೀದಿಗಳು ಖಾಲಿಯಾದಾಗ ಚಿಕ್ಕೋಡಿ ರಸ್ತೆಯಲ್ಲಿ ಎರಡು ತಾಸು ನಡೆಸಿದೆ. ಕಂಬ, ಮರ, ಬೇಲಿ ಯಾವುದನ್ನೂ ಅದು ಮೂಸಿಯೂ ನೋಡಲಿಲ್ಲ. ಮನೆಗೆ ಬಂದು, ಹೊಸ್ತಿಲು ದಾಟಿ, ಕಾಲೊರೆಸಲು ಹಾಸಿದ್ದ ಗೋಣಿತಟ್ಟಿನ ಮೇಲೆ ನಿಂತು ನಿರಾಳವಾಗಿ ಎಲ್ಲವನ್ನೂ ಮುಗಿಸಿತು. ಮುಗಿಸಿ ನನ್ನ ಮುಖ ನೋಡಿತು. ಆ ನೋಟದಲ್ಲಿ ಮಾಲೀಕರ ನಗು ಕಂಡಿತು. (ಹೌದು, ನಾಯಿಯನ್ನೂ ಅನುಮಾನಿಸಿದೆ.)

ಗದರಿದೆ. ಅದು ತಪ್ಪು. ಪತ್ರಿಕೆ ಸುತ್ತಿ ಹೊಡೆದೆ. ಅದು ಇನ್ನೂ ದೊಡ್ಡ ತಪ್ಪು. ಒರೆಸುವ ಕೆಲಸವನ್ನು ಹೆಂಡತಿಗೆ ಬಿಟ್ಟಿದ್ದೆ. ಸ್ತ್ರೀ ಸಮಾನತೆಯ ಬಗ್ಗೆ ಭಾಷಣ ಮಾಡುವ ನನಗೆ ಅದು ತಪ್ಪೆಂದು ಹೊಳೆದದ್ದು ಐದನೆಯ ದಿನ. ಹೊಳೆಯಿಸಿದವಳೂ ಅವಳೇ: "ನಾಳಿಂದ ಬಕೆಟ್ ನಿಮ್ದು."

ಹಾಗಾಗಿ ಆರನೆಯ ದಿನ ನಾನು ತಟ್ಟು ತೊಳೆಯಲು ಬಕೆಟ್ ತುಂಬಿಸಿಕೊಂಡು ಕುಳಿತಿದ್ದಾಗ ಎದುರು ಮನೆಯ ಗಂಗವ್ವ ಬಂದು ನಿಂತರು. ಅಣ್ಣಾಸಾಹೇಬರ ವಖಾರಿಯಲ್ಲಿ ತಂಬಾಕು ಜರಡಿ ಹಿಡಿಯುವವರು. ನಮ್ಮ ಮನೆಯ ವಾಸನೆಯ ಸುದ್ದಿಯನ್ನು ಮಾಲೀಕರಿಗೆ ಮುಟ್ಟಿಸಿದವರು ಇವರೇ ಎಂಬ ಗುಮಾನಿ ನನ್ನಲ್ಲಿ ಗಟ್ಟಿಯಾಗಿತ್ತು.

"ಅದನ್ಯಾಕ ಬಡೀತೀರಿ ಮಾಸ್ತರ? ಪಾಪ, ಕಲತದ್ದ ಮಾಡಾಕತ್ತೈತಿ."

"ಏನ ಕಲತೈತಿ?"

"ವಖಾರಿ ಬಾಗಲಾ ಮುಂಜಾನೆ ಹಾಕಿದ್ರ ಸಂಜೀಗೇ ತಗಿಯೂದು. ಹೊರಗ ಓಡಿದ್ರ ಬಡಿಗಿ. ತಂಬಾಕದ ಹಂತೇಕ ಹೋದ್ರೂ ಬಡಿಗಿ. ಮೂಲ್ಯಾಗ ಒಂದ ಹರಕ ತಟ್ಟ ಹಾಸಿದ್ರು, ಎಲ್ಲಾ ಅಲ್ಲೇ. ತಟ್ಟ ಅಂದ್ರ ಅದಕ್ಕ ಸಂಡಾಸ್ರೀ!"

ನಾನು ತಟ್ಟನ್ನು ಕೈಯಲ್ಲಿ ಹಿಡಿದೇ ಕೇಳಿದೆ: "ಮತ್ತ ನೀವು?"

ಗಂಗವ್ವ ನಕ್ಕರು. "ನಮಗ ತಟ್ಟೂ ಇಲ್ರೀ. ಮುಂಜಾನಿಂದ ನೀರ ಕುಡಿಯಂಗಿಲ್ಲ, ಅಷ್ಟ. ಹೊರಗ ಹೋಗತೇನಿ ಅಂದ್ರ, ತಂಬಾಕ ಕದ್ದೀಯೇನ, ಸೀರಿ ಝಾಡಿಸಿ ತೋರಸು ಅಂತಾನ ಕೆಲಸಾ ಮಾಡಸೂ ಮುಕಾದಮ. ಅಷ್ಟ ಮಂದ್ಯಾಗ ಯಾರ ತೋರಸ್ತಾರ?"

ಮೂರು ವಾರ ಬರೆದವನು ನಾನು. ಈ ಹೆಣ್ಣುಮಕ್ಕಳು ದಿನವಿಡೀ ಬಾಯಾರಿಕೊಂಡೇ ದುಡಿಯುತ್ತಾರೆಂಬುದನ್ನು ಒಮ್ಮೆಯಾದರೂ ಕೇಳಿ ತಿಳಿದಿದ್ದೆನೇ? ಇಲ್ಲ. ದುಡಿಯುವವರನ್ನೆಲ್ಲ ಕಳ್ಳರೆಂದು ಭಾವಿಸಿ ಬಾಗಿಲು ಹಾಕುವುದು ಅನ್ಯಾಯ. ಹೊರಗೆ ಹೋಗುವ ಅನುಮತಿಗೆ ಮಾನವನ್ನೇ ಬೆಲೆಯಾಗಿ ಕೇಳುವುದು ಅದಕ್ಕಿಂತ ಹೀನಾಯ. ಹೀಗೆ ದುಡಿದು ಬಂದವರನ್ನು ಎದುರು ಮನೆಯ ಕಿಟಕಿಯಿಂದ ಗುಮಾನಿಪಟ್ಟು ನೋಡುತ್ತಿದ್ದವನದು ಏನು? ಓದುಗರೇ ಹೆಸರಿಡಲಿ.

"ತಟ್ಟ ತೊಳೀಬ್ಯಾಡ್ರಿ, ವಾಸನಿ ಇರಲಿ. ಹಿತ್ತಲದಾಗ ಹಾಸ್ರಿ" ಎಂದರು ಗಂಗವ್ವ. ನುಗ್ಗೆಗಿಡದ ಬುಡದಲ್ಲಿ ಹಾಸಿದೆ. ಹೊಸ್ತಿಲಿಗೆ ನಾರಿನ ಕಾಲೊರಸು ತಂದೆ. ಮೋತಿ ಹಿತ್ತಲ ಬಾಗಿಲಲ್ಲಿ ಒಂದು ಕಾಲನ್ನು ಹೊರಗಿಟ್ಟು, ತಿರುಗಿ ನನ್ನ ಕೈಯನ್ನೇ ನೋಡಿತು. ಬಡಿಗೆ ಇದೆಯೇ? ಅದಕ್ಕೂ ಅನುಮಾನ. ಎರಡೂ ಕೈಗಳನ್ನು ತೆರೆದು ತೋರಿಸಿದೆ. ಹೋಯಿತು.

ಎಂಟನೆಯ ದಿನ ಅಣ್ಣಾಸಾಹೇಬರು ಬಂದರು. ಮೂಗು ಏರಿಸಿ ಮೂಲೆಮೂಲೆಯನ್ನೂ ಪರೀಕ್ಷಿಸಿದರು. ಅವರನ್ನು ಕಂಡ ಮೋತಿ ಬಾಲ ಮುದುರಿ, ಹಿತ್ತಲ ಬಾಗಿಲಿಗೆ ಹೋಗಿ ನಿಂತು ಕುಂಯ್‌ಗುಟ್ಟಿತು. ನಾನು ಎದ್ದು ಅಗುಳಿ ತೆಗೆದೆ.

"ಅರೆ ವಾ! ಕೇಳಿ ಹೋಗತೈತಲ್ರಿ ಮಾಸ್ತರ! ನಮ್ಮಲ್ಲಿ ಇಷ್ಟ ವರ್ಷ ಒಮ್ಮಿನೂ ಕೇಳಲಿಲ್ಲ."

"ಕೇಳಿದ್ರ ನೀವು ಬಾಗಲಾ ತಗೀತಿದ್ರೇನ್ರಿ?"

ಅವರು ಟೋಪಿ ಸರಿಮಾಡಿಕೊಂಡರು. "ಇರ್ರಿ ಬಿಡ್ರಿ, ಮನಿ ಎಲ್ಲಿ ಓಡಿಹೋಗತೈತಿ" ಎಂದು ಹೊರಟುಬಿಟ್ಟರು. ಮನೆ ಉಳಿಯಿತು.

ಮೋತಿ ಎರಡೇ ದಿನಗಳಲ್ಲಿ ಕಲಿಯಿತು. ಕೇಳಿದವರಿಗೆ ತೆರೆದುಕೊಳ್ಳುವುದನ್ನು ಕಲಿಯಲು ವಖಾರಿಯ ಬಾಗಿಲಿಗೆ ಇನ್ನೆಷ್ಟು ದಿನ ಬೇಕು?