ಅಕ್ಕಿಯ ಮೇಲೆ ನಿಂತ ಬೆರಳು

ನಾಮಕರಣದ ದಿನ, ಚಿನ್ನದ ಉಂಗುರ ಹಿಡಿದು ತಟ್ಟೆಯ ಅಕ್ಕಿಯ ಮೇಲೆ ನನ್ನ ಮಗಳ ಹೆಸರು ಬರೆಯಹೊರಟ ಅತ್ತೆಯ ಕೈ ಗಕ್ಕನೆ ನಿಂತಿತು.

"ಲಿವ್ ಅಂತೆ! ನಮ್ಮಲ್ಲೇನು ಹೆಸರಿಗೆ ಬರ ಬಂದಿತ್ತಾ?"

ಹೊರದೇಶದ ಪಾಯಿಂಟ್ ಕುಕ್‌ ಊರಿನ ನಮ್ಮ ಮನೆ ತುಂಬ ಸೇರಿದ್ದ ಗೆಳೆಯರೆಲ್ಲ ನಮ್ಮತ್ತ ತಿರುಗಿದರು. ಗಂಡ ತಲೆ ತಗ್ಗಿಸಿದರು. ಹೆರಿಗೆಯ ಹೊತ್ತಿಗೆ ಮೈಸೂರಿನಲ್ಲಿದ್ದ ಅತ್ತೆ ಗಾಬರಿಯಾದಾರೆಂದು ಮುಚ್ಚಿಟ್ಟಿದ್ದನ್ನು ಈಗ ಹೇಳಲೇಬೇಕಾಯಿತು.

"ಹುಟ್ಟಿದಾಗ ಇವಳು ಉಸಿರಾಡ್ತಾನೇ ಇರ್ಲಿಲ್ಲ ಅತ್ತೆ. ಇಲ್ಲಿನ ಆಸ್ಪತ್ರೇಲಿ ಉಳಿಸಿಕೊಟ್ಟ ನಾರ್ವೆ ಮೂಲದ ನರ್ಸ್ ಹೆಸರು ಲಿವ್. ಅವರ ಭಾಷೇಲಿ ಜೀವ ಅಂತ ಅರ್ಥ."

ಅತ್ತೆ ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಉಂಗುರವನ್ನು ಮತ್ತೆ ಅಕ್ಕಿಗೆ ತಾಗಿಸಿ 'ಲಿವ್' ಎಂದು ಬರೆದರು.

ಈಗಲೂ ಅವರ ಬಾಯಲ್ಲಿ ಆ ಹೆಸರು ಬರುವುದಿಲ್ಲ. ಮೈಸೂರಿನಿಂದ ವಿಡಿಯೊ ಕಾಲ್‌ನಲ್ಲಿ "ಜೀವಾ" ಎಂದು ಕೂಗುತ್ತಾರೆ. ಮಗಳು ಆಟ ಬಿಟ್ಟು ಓಡಿಬರುತ್ತಾಳೆ.