ಗುಡ್ಡ ಹತ್ತಿದ ನಸೀಮಕ್ಕನ ಗಾಡಿ

ವಿಲ್ಫ್ರೆಡ್ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ. ಅವನು ನಮ್ಮ ದುಬೈಯ ಕರಾವಳಿ ಕೂಟದ ಸೆಕ್ರೆಟರಿ. ಶನಿವಾರ, ಭಾನುವಾರ ಎಲ್ಲರೂ ಮರುಭೂಮಿಯ ಅಂಚಿನ ಲಿವಾದ ಒಂದು ಖರ್ಜೂರದ ತೋಟಕ್ಕೆ ಹೋಗುವುದೆಂದು ಆದಾಗ ವಾಟ್ಸಾಪ್ ಗ್ರೂಪಿನಲ್ಲಿ ಹೀಗೆ ಬರೆದ: 'ಮರಳುಗುಡ್ಡಕ್ಕೆ ಜೆಂಟ್ಸ್ ಗಾಡಿ ಮಾತ್ರ. ಲೇಡೀಸ್ ತೋಟದ ಮನೆಯಲ್ಲಿ ಗೋಳಿಬಜೆ, ಚಾ ನೋಡಿಕೊಳ್ಳುವುದು.' ಕೆಳಗೆ ಕೈ ಮುಗಿದ ಚಿತ್ರ ಬೇರೆ! ನಮ್ಮ ಕೂಟದಲ್ಲಿ ಸ್ವಂತ ಫೋರ್ ವೀಲ್ ಗಾಡಿ ಇದ್ದ ಹೆಂಗಸು ಒಬ್ಬರೇ. ಅದು ಯಾರಿಗೆ ಬರೆದದ್ದು ಎಂದು ಕೇಳಬೇಕೇ?

ಆ ಒಬ್ಬರು ನಸೀಮಕ್ಕ. ಊರು ಉಳ್ಳಾಲ. ಊದ್ ಮೇಥಾದ ಒಂದು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ವಾಂತಿ ಮಾಡಿದರೆ ಒರೆಸುವುದು ಅವರ ಕೆಲಸ. ಗಂಡ ಸಕ್ಕರೆ ಕಾಯಿಲೆ ಜೋರಾಗಿ ಊರಿಗೆ ಹೋದಾಗ ಮೈದುನಂದಿರು ಫೋನಿನ ಮೇಲೆ ಫೋನು ಮಾಡಿದರು. ಹೆಂಗಸು ಒಬ್ಬಳೇ ಅಲ್ಲಿರುವುದು ಚಂದ ಅಲ್ಲ, ನೀವೂ ಬನ್ನಿ ಎಂದು. "ಬರ್ತೇನೆ. ಅವರ ಮದ್ದು ನೀವು ತರ್ತೀರಾ?" ಎಂದು ಇವರು ಕೇಳಿದ ಮೇಲೆ ಫೋನು ನಿಂತಿತು.

ವರ್ಷಗಟ್ಟಲೆ ಬಸ್ಸಿನಲ್ಲಿ ಡ್ರೈವರನ ಕತ್ತನ್ನೇ ನೋಡಿ ನೋಡಿ ಸಾಕಾಗಿ ಒಂದು ದಿನ ಲೈಸೆನ್ಸಿಗೆ ಹೋದರು. ನನ್ನ ಟೈರ್ ಅಂಗಡಿ ಇರುವುದು ಅಲ್ ಮುರಕ್ಕಬಾತಿನ ಹಿಂದಿನ ಗಲ್ಲಿಯಲ್ಲಿ. ಟೆಸ್ಟಿನಲ್ಲಿ ಫೇಲಾದಾಗಲೆಲ್ಲ ನೇರ ಅಲ್ಲಿಗೇ ಬರುವುದು, ಚಾ ಕುಡಿಯುವುದು, ಟೆಸ್ಟ್ ಮಾಡಿದವನಿಗೆ ಬ್ಯಾರಿ ಭಾಷೆಯಲ್ಲಿ ಮನಸ್ಸು ತುಂಬ ಬೈಯುವುದು, ಮತ್ತೆ ಫೀಸು ಕಟ್ಟಲು ಹೋಗುವುದು. ಪಾಸಾದ ದಿನ ಅಂಗಡಿಯವರಿಗೆಲ್ಲ ಬಿರಿಯಾನಿ ತಂದರು. ಅವರಿಗೆ ಹಳೆಯದೊಂದು ಬಿಳಿ ಗಾಡಿಯನ್ನು ಹುಡುಕಿ ಕೊಟ್ಟವನು ನಾನೇ.

"ಸಣ್ಣ ಕಾರು ಸಾಕಿತ್ತಲ್ಲ ಅಕ್ಕ?" ಎಂದು ಕೇಳಿದ್ದೆ.

"ಎತ್ತರದಲ್ಲಿ ಕೂತು ಓಡಿಸ್ಬೇಕು ಸರ್ವೋತ್ತಮಣ್ಣ. ಇನ್ನು ನನ್ನ ಕತ್ತು ಬೇರೆಯವರು ನೋಡ್ಲಿ."

ಇಂಥವರಿಗೆ ಗೋಳಿಬಜೆ ಸುಡಲು ಹೇಳಿದರೆ? ನಾನು ವಿಲ್ಫ್ರೆಡ್‌ಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವನು ತಣ್ಣಗೆ, "ಸೇಫ್ಟಿ ಮಾರಾಯ, ಸೇಫ್ಟಿ. ಮುಂದಿನ ಸಲ ನೋಡುವ" ಎಂದ.

ಮುಂದಿನ ಸಲ ಎನ್ನುವುದು ನಸೀಮಕ್ಕನ ಗೆಳತಿ ಕ್ಲಾರಾ ಬಾಯಿಗೆ ಇರಲಿಲ್ಲ. ಡಿಸ್ಕವರಿ ಗಾರ್ಡನ್ಸಿನ ಕೋಣೆಯಲ್ಲಿ ನಸೀಮಕ್ಕನ ಜೊತೆಗಿದ್ದವರು ಅವರು. ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ದುಡಿದು ಎರಡೂ ಮೊಣಕಾಲು ಹೋಗಿದ್ದವು. ವೀಸಾ ಕ್ಯಾನ್ಸಲ್ ಆಗಿ, ಬರುವ ಮಂಗಳವಾರ ಶಿರ್ವಕ್ಕೆ ವಾಪಸು. ಮತ್ತೆ ಬರುವುದಿಲ್ಲ. ಇಷ್ಟು ವರ್ಷ ಇದ್ದೂ ಮರುಭೂಮಿಯನ್ನು ವಿಮಾನದ ಕಿಟಕಿಯಿಂದ ಬಿಟ್ಟರೆ ನೋಡಿದವರಲ್ಲ. "ಊರಲ್ಲಿ ಕೇಳ್ತಾರೆ, ಮರುಭೂಮಿ ಹೇಗಿತ್ತು ಅಂತ. ನಾನು ಬೆಡ್‌ಶೀಟಿನ ಕತೆ ಹೇಳುದಾ?" ಎಂದಿದ್ದರಂತೆ. ಮರಳುಗುಡ್ಡದ ತುದಿಯಲ್ಲಿ ಕೂರಿಸಿ ಸೂರ್ಯ ಮುಳುಗುವುದನ್ನು ತೋರಿಸುತ್ತೇನೆ ಎಂದು ನಸೀಮಕ್ಕ ಮಾತು ಕೊಟ್ಟಿದ್ದರು. ಆ ಕಾಲಿನಲ್ಲಿ ನಡೆದು ಹತ್ತುವುದು ಆಗದ ಮಾತು. ಗಾಡಿಯೇ ಹತ್ತಬೇಕು.

ಅಬುಧಾಬಿ ದಾಟಿ ಲಿವಾ ತಲುಪುವಾಗ ಮಧ್ಯಾಹ್ನ. ತೋಟ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಖರ್ಜೂರದ ಮರಗಳ ನಡುವೆ ಸಣ್ಣ ಕಾಲುವೆ, ಬೇಲಿಯಾಚೆ ಆಡುಗಳು, ಒಂದು ಹಟಮಾರಿ ಒಂಟೆ. ಹೆಂಗಸರು ನೀರಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟು ಕೂತರು. ಊಟವಾಗಿ ಚಾಪೆಯ ಮೇಲೆ ಎಲ್ಲರೂ ಅಡ್ಡಾದೆವು. ಫೋನಿಗೆ ಸಿಗ್ನಲ್ಲೂ ಇರಲಿಲ್ಲ, ಅದೂ ಒಳ್ಳೆಯದೇ.

ಬಿಸಿಲು ಇಳಿಯುವಾಗ ಗಂಡಸರು ಗಾಡಿಗಳನ್ನು ಹೊರತೆಗೆದರು. ತೋಟ ನೋಡಿಕೊಳ್ಳುವ ಪಠಾಣ ಬಂದು, ಟೈರಿನ ಗಾಳಿ ಕಮ್ಮಿ ಮಾಡಿ, ಇಲ್ಲದಿದ್ದರೆ ಮರಳಲ್ಲಿ ಹೂತುಹೋಗುತ್ತದೆ ಎಂದು ಹಿಂದಿಯಲ್ಲಿ ಎಲ್ಲರಿಗೂ ಹೇಳಿದ. ವಿಲ್ಫ್ರೆಡ್ ನಕ್ಕ. "ಕಾರ್ಕಳದ ಮಳೆಗಾಲದ ಕೆಸರಲ್ಲಿ ಜೀಪು ಓಡಿಸಿದವ ನಾನು. ನನಗೆ ಕಲಿಸ್ಬೇಡ." ಹೊಸ ಟೈರು ಹಾಕಿಸಿದ್ದ. ಗಾಳಿ ಇಳಿಸಿದರೆ ಅದರ ಗತ್ತು ಹೋಗುತ್ತದೆಂದು ಅವನ ಲೆಕ್ಕ. ಟೈರಿನವನು ನಾನು ಹೇಳಿದರೂ ಕೇಳಲಿಲ್ಲ.

ಅತ್ತ ನಸೀಮಕ್ಕ ತಮ್ಮ ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಗಾಳಿ ಬಿಡುತ್ತಿದ್ದರು. ನಾನು ಗಾಳಿ ಅಳೆಯುವ ಗೇಜು ಹಿಡಿದಿದ್ದೆ. ವಿಲ್ಫ್ರೆಡ್ ಕಿಟಕಿಯಿಂದ ತಲೆ ಹೊರಹಾಕಿದ.

"ಎಂತ ಮಾಡ್ತಾ ಇದ್ದೀರಿ ನಸೀಮಕ್ಕ?"

"ಗೋಳಿಬಜೆಗೆ ಹಿಟ್ಟು ಕಲಸ್ತಾ ಇದ್ದೇನೆ. ಕಾಣುದಿಲ್ವಾ?"

"ಗ್ರೂಪಲ್ಲಿ ಹಾಕಿದ್ದು ನೋಡ್ಲಿಲ್ವಾ?"

"ನೋಡಿದೆ. ಗ್ರೂಪಿಗೆ ಡ್ರೈವಿಂಗ್ ಬರ್ತದಾ?"

ಅವನ ಮುಖ ಕೆಂಪಾಯಿತು. ಎಲ್ಲರಿಗಿಂತ ಮೊದಲು ಹತ್ತಬೇಕೆಂದು ಬುರ್ರೆಂದು ಹೋದ. ಗುಡ್ಡದ ಬುಡದಲ್ಲೇ ಚಕ್ರ ಹೂತಿತು. ಕೆಸರಿನಲ್ಲಿ ಮಾಡುವಂತೆ ಎಕ್ಸಲರೇಟರ್ ಒತ್ತಿದ. ಇನ್ನಷ್ಟು ಹೂತಿತು. ಆಗ ನಮ್ಮ ಗಂಡಸರಿಗೆ ಊರಿನ ಬುದ್ಧಿ ನೆನಪಾಯಿತು ನೋಡಿ. ಊರಲ್ಲಿ ಜೀಪು ಹೂತರೆ ಚಕ್ರದಡಿ ತೆಂಗಿನ ಗರಿಯ ಮಡಲು ತುರುಕುತ್ತೇವಲ್ಲ, ಹಾಗೆಯೇ ತೋಟಕ್ಕೆ ಓಡಿ ಒಣಗಿದ ಖರ್ಜೂರದ ಮಡಲು ಹೊತ್ತು ತಂದರು. "ಬೇಡ, ಮುಳ್ಳುಂಟು! ಮಾಫಿ, ಮಾಫಿ!" ಎಂದು ನಾನು ಬೇಡ ಎನ್ನುವುದನ್ನು ಇಲ್ಲಿನ ಅರಬಿಯಲ್ಲೂ ಸೇರಿಸಿ ಗಂಟಲು ಹರಿಯುವಂತೆ ಕೂಗಿದೆ. ಯಾರಿಗೆ ಕೇಳಬೇಕು? ಖರ್ಜೂರದ ಮಡಲಿನ ಬುಡದಲ್ಲಿ ಸೂಜಿಯಂಥ ಮುಳ್ಳು. ವಿಲ್ಫ್ರೆಡ್ ಮತ್ತೊಮ್ಮೆ ಒತ್ತಿದ. ಎರಡು ಹೊಸ ಟೈರುಗಳು ಸುಸ್ಸೆಂದವು. ಇಳಿಸದ ಗಾಳಿ ತಾನಾಗಿ ಇಳಿಯಿತು.

ಅಷ್ಟರಲ್ಲಿ ನಸೀಮಕ್ಕನ ಗಾಡಿ ಹೊರಟಿತ್ತು. ಮುಂದೆ ಕ್ಲಾರಾ ಬಾಯಿ, ಹಿಂದೆ ನಾನು, ನನ್ನ ಮಡಿಲಲ್ಲಿ ಊಟದ ಬುತ್ತಿ. ವಿಲ್ಫ್ರೆಡ್ ಎರಡೂ ಕೈ ಅಗಲಿಸಿ ಅಡ್ಡ ಬಂದ.

"ಎಳೆಯುವ ಹಗ್ಗ ಇರುದು ನಿಮ್ಮತ್ರ ಮಾತ್ರ, ಮೊದಲು ನನ್ನ ಗಾಡಿ ಎಳೀರಿ!"

ಸೂರ್ಯ ಆಗಲೇ ಕೆಂಪಾಗಿದ್ದ. ಅವನ ಗಾಡಿ ಎಳೆಯಲು ನಿಂತರೆ ಕತ್ತಲೆಯೇ ಗತಿ. ಕ್ಲಾರಾ ಬಾಯಿ ಮೆಲ್ಲಗೆ, "ಪಾಪ, ನಿಲ್ಲಿಸು ನಸೀಮ. ನನಗೆ ಪರವಾಗಿಲ್ಲ" ಎಂದರು.

"ನಿನಗೆ ಯಾವತ್ತೂ ಪರವಾಗಿಲ್ಲ. ಅದೇ ನಿನ್ನ ರೋಗ" ಎಂದು ಅವರಿಗೆ ಗದರಿ, ಕಿಟಕಿ ಇಳಿಸಿ ನಸೀಮಕ್ಕ ಹೇಳಿದರು: "ಸೆಕ್ರೆಟರಿಗಳೇ, ಮೊದಲು ಕ್ಲಾರಾ. ಮತ್ತೆ ನೀವು. ಅಷ್ಟರವರೆಗೆ ಹೋಗಿ ಚಾ ಕುಡೀರಿ, ಲೇಡೀಸ್ ವ್ಯವಸ್ಥೆ ಮಾಡಿದ್ದಾರೆ."

ನಾನು ಹಿಂದಿನಿಂದ "ಯಲ್ಲಾ, ಹೋಗುವ!" ಎಂದು ಕೂಗಿದೆ.

ಮೊದಲ ಸಲ ಅರ್ಧಕ್ಕೆ ಹೋಗಿ ಗಾಡಿ ಜಾರಿತು. ಕೆಳಗಿನಿಂದ ಯಾರೋ ಶಿಳ್ಳೆ ಹೊಡೆದರು. ನಸೀಮಕ್ಕ ನೇರ ಹಿಂದಕ್ಕೆ ಇಳಿಸಿ, ತಲೆವಸ್ತ್ರ ಬಿಗಿ ಮಾಡಿಕೊಂಡು, ಬ್ಯಾರಿಯಲ್ಲಿ ಒಂದು ಮಾತು ಹೇಳಿ ಮತ್ತೆ ಹತ್ತಿಸಿದರು. ಎದುರಿಗೆ ಬರೀ ಆಕಾಶ. ನಾನು ಕಣ್ಣು ಮುಚ್ಚಿದೆ. ತೆರೆಯುವಾಗ ಗಾಡಿ ತುದಿಯಲ್ಲಿ ನಿಂತಿತ್ತು.

ಕ್ಲಾರಾ ಬಾಯಿ ಮರಳಿನ ಮೇಲೆ ಕಾಲು ಚಾಚಿ ಕೂತರು. ಕಣ್ಣು ಹೋದಷ್ಟು ದೂರ ಮರಳು, ಗಾಳಿ ಎಬ್ಬಿಸಿದ ನೆರಿಗೆ ನೆರಿಗೆ. ಅಂಗೈಯಿಂದ ಮರಳನ್ನು ಒಮ್ಮೆ ಸವರಿ, "ದೇವರೇ, ಎಷ್ಟು ದೊಡ್ಡ ಬೆಡ್‌ಶೀಟು! ಇದಕ್ಕೆ ಇಸ್ತ್ರಿ ನಾನು ಹಾಕುದಿಲ್ಲ, ಖಲಾಸ್" ಎಂದರು. ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಕ್ಲಾರಾ ಬಾಯಿ ಮಾಡಿ ತಂದ ಇಡ್ಲಿಯಂಥ ಸಾನ್ನಾ, ನಸೀಮಕ್ಕನ ಕೋಳಿ ಸುಕ್ಕ. ಸೂರ್ಯ ಪೂರ್ತಿ ಮುಳುಗುವವರೆಗೆ ಅಲ್ಲೇ ಕೂತು ತಿಂದೆವು. ಕೆಳಗೆ ವಿಲ್ಫ್ರೆಡ್ ಇರುವೆಯಷ್ಟು ಕಾಣುತ್ತಿದ್ದ.

ಇಳಿದು ಬಂದ ಮೇಲೆ, ಕೊಟ್ಟ ಮಾತಿನಂತೆ, ನಸೀಮಕ್ಕ ಹಗ್ಗ ಕಟ್ಟಿ ಅವನ ಗಾಡಿಯನ್ನು ತೋಟದವರೆಗೆ ಎಳೆದರು. ಪಂಕ್ಚರ್ ಹಾಕಿದವನು ನಾನು. "ಗ್ರೂಪಲ್ಲಿ ಬರಿ, ನಸೀಮಕ್ಕ ನನ್ನನ್ನು ಎಳೆದ್ರು ಅಂತ. ಆಗ ಮಾತ್ರ ಹಾಕ್ತೇನೆ" ಎಂದೆ. "ಖಂಡಿತ ಬರೀತೇನೆ ಮಾರಾಯ" ಎಂದ. ಮರುದಿನ ಗ್ರೂಪಿನಲ್ಲಿ ಬಂದದ್ದು, 'ಟ್ರಿಪ್ ಸಕ್ಸಸ್, ಎಲ್ಲರಿಗೂ ಥ್ಯಾಂಕ್ಸ್.' ಜೊತೆಗೆ ಅವನದೇ ಗಾಡಿಯ ಫೋಟೋ. ಹಗ್ಗವನ್ನೂ ಗಡಿಬಿಡಿಯಲ್ಲಿ ತನ್ನ ಡಿಕ್ಕಿಗೆ ಹಾಕಿಕೊಂಡು ಹೋಗಿದ್ದ.

ಮೂರು ವರ್ಷವಾಯಿತು. ನಾನು ಕೇಳಿದಾಗಲೆಲ್ಲ "ಹುಡುಕ್ತೇನೆ" ಎನ್ನುತ್ತಾನೆ. ಶಿರ್ವದಿಂದ ಕ್ಲಾರಾ ಬಾಯಿಯೂ ಫೋನ್ ಮಾಡಿದಾಗಲೆಲ್ಲ ಹಗ್ಗ ಬಂತಾ ಎಂದು ಕೇಳುತ್ತಾರೆ. ಕೊನೆಗೆ ನಾನೇ ಒಂದು ಹೊಸ ಹಗ್ಗ ತಂದುಕೊಟ್ಟೆ. ನಸೀಮಕ್ಕ ಮುಟ್ಟಲೂ ಇಲ್ಲ.

"ನನಗೆ ಹಗ್ಗ ಇಲ್ಲಾಂತ ಅಲ್ಲ ಅಣ್ಣ. ಅವ ತಂದು ಕೊಡ್ಬೇಕು."

ಅವನು ಇವತ್ತಿಗೂ ತಂದುಕೊಟ್ಟಿಲ್ಲ.