ಅವ್ವ ತೆಗೆದ ಬಸ್ಸಿನ ವಿಡಿಯೊ

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಪಿಯುಸಿ ಎರಡನೇ ವರ್ಷದಲ್ಲಿದ್ದ ನಾನು ಬೈರಿದೇವರಕೊಪ್ಪದಿಂದ ಧಾರವಾಡದ ಕಾಲೇಜಿಗೆ ದಿನಾ ಬಸ್ಸಿಗೆ ಹೋಗುತ್ತಿದ್ದೆ. ಒಂದು ಮುಂಜಾನೆ ಕಿಕ್ಕಿರಿದ ಬಸ್ಸು ರಾಯಾಪುರ ದಾಟುವಾಗ ಇದ್ದಕ್ಕಿದ್ದಂತೆ ಉಸಿರು ಕಟ್ಟಿತು. ಎದೆ ಢವಢವ, ಬೆರಳೆಲ್ಲ ಜೋಮು. ಸತ್ತೇ ಹೋಗುತ್ತೇನೆ ಅಂತ ಚೀರಿದೆ. ಬಸ್ಸು ನಿಲ್ಲಿಸಿ ನನ್ನನ್ನು ಇಳಿಸಿದರು.

ಎದೆಯಲ್ಲಿ ಏನೂ ದೋಷವಿಲ್ಲ ಅಂದರು ಡಾಕ್ಟರು. ಆದರೆ ಅಂದಿನಿಂದ ಬಸ್ಸಿನ ಹಾರ್ನ್ ಕೇಳಿದರೇ ಕೈ ಬೆವರುತ್ತಿತ್ತು. ಮೂರು ತಿಂಗಳು ಮನೆ ಬಿಟ್ಟು ಕದಲಲಿಲ್ಲ.

"ತಾಯತ ಕಟ್ಟಸ್ರಿ, ಲಗೂ ಒಂದು ವರ ನೋಡ್ರಿ. ತಲಿ ಕೆಟ್ಟೈತಿ ಅಂತ ಮಂದಿಗೆ ಗೊತ್ತಾದ್ರ ಯಾರು ಮಾಡ್ಕೋತಾರ?" ಅಂದಳು ಅಪ್ಪನ ಅಕ್ಕ, ನನ್ನ ಅತ್ತೆ.

ಅವ್ವ ಏಳನೇ ಇಯತ್ತೆವರೆಗೆ ಓದಿದವಳು. "ಜ್ವರಕ್ಕ ಡಾಕ್ಟರ್ ಬೇಕು, ಅಂಜಿಕಿಗೆ ತಾಯತ ಸಾಕೇನ್ರಿ?" ಅಂದವಳೇ, ಅಪ್ಪನ ಸ್ಕೂಟರ್ ಹತ್ತಿಸಿ ನನ್ನನ್ನು ಧಾರವಾಡದ ಒಬ್ಬ ಮನೋವೈದ್ಯೆಯ ಕಡೆ ಕಳಿಸಿದಳು.

ಆ ಡಾಕ್ಟರ್ ಬಾಯಾರು ನಾನು ಹೇಳಿದ್ದನ್ನೆಲ್ಲ ಕೇಳಿ, "ಹೊರದೇಶದಾಗ ಕಣ್ಣಿಗೆ ಒಂದು ಯಂತ್ರ ಕಟ್ಟಿ, ಅಂಜಿಕಿ ಬರೋ ಜಾಗಾನ ಎದುರಿಗೇ ತೋರಸ್ತಾರ. ಕೂತಲ್ಲೇ ಅಂಜೋದು, ಕೂತಲ್ಲೇ ಅಂಜಿಕಿ ಇಳಿಯೂತನಕ ತಡಕೊಳ್ಳೋದು. ನನ್ನ ಕಡೆ ಆ ಯಂತ್ರ ಇಲ್ಲ. ಬಸ್ಸಿಂದು ವಿಡಿಯೊ ತಂದ್ರ ನಾವ ಏನರ ಮಾಡೋಣು" ಅಂದರು.

ಅವ್ವ ಮದುವೆ ವಿಡಿಯೊ ತೆಗೆಯುವ ಪಕ್ಕದ ಮನೆಯವರಿಂದ ಕ್ಯಾಮೆರಾ ಇಸಿದುಕೊಂಡು, ಅದೇ ಕಿಕ್ಕಿರಿದ ಬಸ್ಸು ಹತ್ತಿದಳು. "ಏನ್ ಅಕ್ಕಾರ, ಶೂಟಿಂಗ್ ಏನ್ರಿ?" ಅಂತ ಕಂಡಕ್ಟರ್ ನಕ್ಕನಂತೆ. "ಹೌದ್ರಿ, ನನ್ನ ಮಗಳ ಸಲುವಾಗಿ. ಸರೀರಿ ಒಂದೀಟು, ಕಿಟಕಿ ಕಾಣವಲ್ದು" ಅಂದಳಂತೆ.

ಬಾಯಾರು ಕಿಟಕಿಯ ಪರದೆ ಎಳೆದು, ಅವ್ವನ ವಿಡಿಯೊ ಹಚ್ಚಿ, ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಕಂಪ್ಯೂಟರಿಗೆ ಮೂಗು ತಾಗುವಷ್ಟು ಹತ್ತಿರ ಕೂರಿಸಿದರು. ವಿಡಿಯೊದಲ್ಲಿ ರಾಯಾಪುರ ಬಂದೊಡನೆ ಹೆಡ್‌ಫೋನ್ ಕಿತ್ತೆಸೆದೆ.

"ತೆಗಿ, ಆದ್ರ ಎದ್ದು ಹೋಗಬ್ಯಾಡ. ಸತ್ತಿಯೇನು? ಇಲ್ಲಲ್ಲ? ಮತ್ತ ಹಾಕ್ಕೋ" ಅಂದರು ಬಾಯಾರು.

ಆರು ವಾರ ಅದೇ ಬಸ್ಸು, ಅದೇ ರಾಯಾಪುರ. ಅಳುತ್ತ ನೋಡಿದೆ, ಸಿಟ್ಟಿನಿಂದ ನೋಡಿದೆ, ಕಡೆಗೆ ಬೇಸರ ಬರುವಷ್ಟು ನೋಡಿದೆ.

ಅಷ್ಟರಲ್ಲಿ ಅತ್ತೆ ವರನ ಕಡೆಯವರನ್ನು ಕರೆತಂದಳು. ಬಾಯಿ ಬಿಚ್ಚಬೇಡ ಅಂತ ಮೊದಲೇ ತಾಕೀತು ಮಾಡಿದ್ದಳು. ಹುಡುಗನ ತಾಯಿ ಅವಲಕ್ಕಿ ತಿನ್ನುತ್ತ, "ಕಾಲೇಜ್ ಯಾಕ ಬಿಟ್ಟೀಯವಾ?" ಅಂದರು.

"ಬಿಟ್ಟಿಲ್ರಿ. ಬಸ್ಸಿನ್ಯಾಗ ಅಂಜಿಕಿ ಬರ್ತಿತ್ತು, ಮನಸ್ಸಿನ ಡಾಕ್ಟರ್ ಕಡೆ ಹೊಂಟೇನಿ. ಮುಂದಿನ ವಾರ ಮತ್ತ ಕಾಲೇಜಿಗೆ ಹೋಗ್ತೇನಿ."

ಅವರು ತಾಟು ಕೆಳಗಿಟ್ಟು ಎದ್ದರು.

"ಮನಿ ಮಾನ ಕಳದಿ!" ಅಂತ ಅತ್ತೆ ಕೂಗಿದಳು.

"ಸುಳ್ಳು ಹೇಳಿ ಉಳಿಸೋ ಮಾನ ನನಗ ಬ್ಯಾಡ ಅತ್ತಿ" ಅಂದೆ. ಅವ್ವ ಉಳಿದ ಅವಲಕ್ಕಿ ನನ್ನ ತಾಟಿಗೆ ಹಾಕಿದಳು.

ಸೋಮವಾರ ಒಬ್ಬಳೇ ಬಸ್ಸು ಹತ್ತಿದೆ. ರಾಯಾಪುರ ದಾಟಿತು. ಆದರೆ ಸತ್ತೂರಿನಲ್ಲಿ ತಡೆಯಲಾಗದೆ ಇಳಿದೆ. ಅಂಜಿಕೆ ಇಳಿಯುವವರೆಗೆ ಸ್ಟಾಪಿನಲ್ಲಿ ಕೂತು, ಮುಂದಿನ ಬಸ್ಸು ಹತ್ತಿದೆ.

ಕ್ಲಾಸಿಗೆ ತಡವಾಗಿತ್ತು. ಇಷ್ಟು ದಿನ ಎಲ್ಲಿದ್ದೆ ಅಂತ ಸರ್ ಕೇಳಿದರು. "ಆರಾಮ ಇರಲಿಲ್ರಿ ಸರ್. ಮೈಯ್ಯಾಗಲ್ಲ, ಮನಸ್ಸಿನ್ಯಾಗ." ಇಡೀ ಕ್ಲಾಸು ತಿರುಗಿ ನೋಡಿತು. ಹಿಂದಿನ ಬೆಂಚು ಖಾಲಿಯಿತ್ತು. ನಾನು ಎಲ್ಲರನ್ನೂ ದಾಟಿ ಮೊದಲನೇ ಬೆಂಚಿಗೆ ಹೋಗಿ ಕೂತೆ.